ನಾಗೇಶ್ವರ ಭಟ್ಟರ ಇಂಗ್ಲಿಷ್ ಪಾರಾಯಣ

ನಾನು ಇಪ್ಪತ್ತಮೂರು ವರ್ಷಗಳಿಂದ ಮಡಿಕೇರಿಯ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟ್ರು. ಇಷ್ಟು ವರ್ಷಗಳಲ್ಲಿ ನಾನು ಬಾಯಿಬಿಟ್ಟು ಆಡಿದ ಇಂಗ್ಲಿಷನ್ನು ಯಾರಾದರೂ ಬರೆದಿಟ್ಟಿದ್ದರೆ ಅದು ಅರ್ಧ ಪುಟ ದಾಟುತ್ತಿರಲಿಲ್ಲ. ‘ಸೈಲೆನ್ಸ್’, ‘ಸಿಟ್ ಡೌನ್’, ‘ಓಪನ್ ಯುವರ್ ಬುಕ್ಸ್’, ಮೇಲಿನವರು ತಪಾಸಣೆಗೆ ಬಂದ ದಿನ ‘ಎಸ್ ಸರ್’. ಉಳಿದ ಇಂಗ್ಲಿಷನ್ನೆಲ್ಲ ನಾನು ಕನ್ನಡದಲ್ಲೇ ಕಲಿಸಿದ್ದೇನೆ. ಆದರೂ ನಮ್ಮ ಬೀದಿಯಲ್ಲಿ ಇಂಗ್ಲಿಷಿಗೆ ಸಂಬಂಧಪಟ್ಟ ಯಾವ ಕಷ್ಟ ಬಂದರೂ ಅದು ನನ್ನ ಬಾಗಿಲಿಗೇ ಬಂದು ಚಪ್ಪಲಿ ಬಿಡುತ್ತದೆ. ಹಾಗೆ ಬಂದ ಕಷ್ಟಗಳಲ್ಲಿ ನಾಗೇಶ್ವರ ಭಟ್ಟರದು ದೊಡ್ಡದು.

ಭಟ್ಟರು ನನ್ನ ಹಿಂದಿನ ಬೀದಿಯವರು. ಅರ್ಚಕರ ಮನೆತನ. ತಂದೆ ವೇದಪಾಠ ಹೇಳುತ್ತಿದ್ದವರು. ಭಟ್ಟರು ಏಳು ವರ್ಷ ಜಗಲಿಯ ಮೇಲೆ ಕೂತು, ಕೇಳಿದ್ದನ್ನು ಕೇಳಿದ ಹಾಗೆಯೇ ತಿರುಗಿ ಹೇಳುವುದನ್ನು ಕಲಿತರು. ಆಮೇಲೆ ಗಿಡಮರದ ಹುಚ್ಚು ಹಿಡಿದು ಸಸ್ಯಶಾಸ್ತ್ರ ಓದಿದರು. ಈಗ ಹದಿನೇಳು ವರ್ಷಗಳಿಂದ ಗೋಣಿಕೊಪ್ಪಲಿನ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕರು. ಹದಿನೇಳು ವರ್ಷ ಹೋಗದೆ ಉಳಿದ ಅತಿಥಿಯನ್ನು ಮನೆಗಳಲ್ಲಿ ಬೇರೆ ಏನೋ ಕರೆಯುತ್ತಾರೆ, ಸರ್ಕಾರ ಮಾತ್ರ ಅತಿಥಿ ಎಂದೇ ಕರೆಯುತ್ತದೆ.

ಈ ಜನವರಿಯಲ್ಲಿ ಕಾಲೇಜಿಗೆ ಒಂದು ಸುತ್ತೋಲೆ ಬಂತು. ಪಿಎಚ್‌ಡಿ ಆಗದವರ ಹೆಸರು ಜೂನ್ ತಿಂಗಳ ಪಟ್ಟಿಯಲ್ಲಿ ಇರುವುದಿಲ್ಲ. ಭಟ್ಟರ ಪ್ರಬಂಧ ಮುಗಿದಿತ್ತು. ಕಾಫಿ ತೋಟದ ನೆರಳಿನ ಮರಗಳ ತೊಗಟೆಯ ಮೇಲೆ ಬೆಳೆಯುವ ಕಲ್ಲುಹೂವಿನ ಬಗ್ಗೆ. ಮಸಾಲೆಗೆ ಹಾಕುತ್ತೇವಲ್ಲ, ಅದು ಮತ್ತು ಅದರ ನೆಂಟರಿಷ್ಟರು. ಇನ್ನೂರ ಎಂಬತ್ತು ಪುಟ, ಎಲ್ಲ ಇಂಗ್ಲಿಷ್, ಹುಡುಕಿದರೂ ಒಂದು ತಪ್ಪಿಲ್ಲ. ಬಾಕಿ ಇದ್ದದ್ದು ಘಟ್ಟದ ಕೆಳಗಿನ ವಿಶ್ವವಿದ್ಯಾಲಯದಲ್ಲಿ ಮೌಖಿಕ ಪರೀಕ್ಷೆ ಒಂದೇ. ಹೊರರಾಜ್ಯದ ಪರೀಕ್ಷಕಿ ಬರುತ್ತಾರೆ, ಎಲ್ಲರ ಎದುರು ಕೇಳುತ್ತಾರೆ, ಎಲ್ಲರ ಎದುರು ಇಂಗ್ಲಿಷಿನಲ್ಲಿ ಹೇಳಬೇಕು. ಪಾಸಾದರೆ ಕೆಲಸ, ಇಲ್ಲದಿದ್ದರೆ ನಲವತ್ತಾರನೇ ವಯಸ್ಸಿನಲ್ಲಿ ತಮ್ಮನ ಜೊತೆ ದೇವಸ್ಥಾನದಲ್ಲಿ ಗಂಧ ತೇಯುವುದು.

“ಮೇಷ್ಟ್ರೇ, ನನಗೆ ಮಾತಾಡೋ ಇಂಗ್ಲಿಷ್ ಬೇಕು” ಎಂದರು ಭಟ್ಟರು.

“ನಿಮ್ಮ ಸಂಶೋಧನೆ ಏನು ಅಂತ ನನ್ನನ್ನೇ ಪರೀಕ್ಷಕ ಅಂದುಕೊಂಡು ಹೇಳಿ ನೋಡುವ.”

ಭಟ್ಟರು ಕಣ್ಣು ಮುಚ್ಚಿದರು. “ದ ಪ್ರೆಸೆಂಟ್ ಇನ್ವೆಸ್ಟಿಗೇಷನ್, ಆ್ಯಸ್ ಹ್ಯಾಸ್ ಬೀನ್ ಎಲ್ಯೂಸಿಡೇಟೆಡ್ ಇನ್ ದ ಫೋರ್‌ಗೋಯಿಂಗ್ ಚಾಪ್ಟರ್ಸ್…”

ಅದು ಮಾತಲ್ಲ, ರಿಜಿಸ್ಟರ್ಡ್ ಪೋಸ್ಟು. ನಾನು ನಡುವೆ ಬಾಯಿ ಹಾಕಿ “ಯಾವ ಚಾಪ್ಟರು?” ಎಂದೆ. ಅವರು ಕಣ್ಣು ತೆರೆದರು, ಮತ್ತೆ ಮುಚ್ಚಿದರು, ಮತ್ತೆ ‘ದ ಪ್ರೆಸೆಂಟ್ ಇನ್ವೆಸ್ಟಿಗೇಷನ್’ನಿಂದ ಶುರು ಮಾಡಿದರು. ಪಾರಾಯಣದಲ್ಲಿ ತಡೆದರೆ ಮೊದಲಿನಿಂದಲೇ ಹೇಳಬೇಕಂತೆ. ಹಿಂದೊಮ್ಮೆ ವಿಶ್ವವಿದ್ಯಾಲಯದ ವಿಭಾಗದಲ್ಲಿ ಹೀಗೆ ನಾಲ್ಕು ಸಲ ಮೊದಲಿನಿಂದ ಶುರುವಾಗಿ, ಅವರ ಮಾರ್ಗದರ್ಶಕರಾದ ವಿಷ್ಣುಪ್ರಸಾದ್ ಅವರು “ಪರೀಕ್ಷೆಯ ದಿನ ಹೀಗಾದರೆ ನಾನು ಕಿಟಕಿಯಿಂದ ಹಾರ್ತೇನೆ ಭಟ್ರೇ” ಎಂದಿದ್ದರಂತೆ.

ನನ್ನಿಂದ ಆಗುವ ಕೆಲಸ ಅಲ್ಲವೆಂದು ನನಗೆ ತಕ್ಷಣ ತಿಳಿಯಿತು. ಆದರೂ ಮರ್ಯಾದೆಗೆ ಒಂದು ವಾರ ‘ಹೌ ಡು ಯು ಡೂ’ ಕಲಿಸಿ, ಆಮೇಲೆ ಅವರನ್ನು ದೀಕ್ಷಿತಾಳ ಹತ್ತಿರ ಕರೆದುಕೊಂಡು ಹೋದೆ. ಸಂಪಾಜೆ ಕಡೆಯ ಹುಡುಗಿ, ಒಂದು ಕಾಲದಲ್ಲಿ ನನ್ನ ವಿದ್ಯಾರ್ಥಿನಿ, ಈಗ ಭಟ್ಟರದೇ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತಾಳೆ. ನನ್ನ ಕೈಯಲ್ಲಿ ಕಲಿತೂ ಇಂಗ್ಲಿಷ್ ಹೇಗೆ ಬಂತು ಎಂಬುದು ನನಗೆ ಇವತ್ತಿಗೂ ಅರ್ಥವಾಗಿಲ್ಲ.

“ಸರ್, ಅಂಗಡಿಯಲ್ಲಿ ಸಿಗುವ ಸ್ಪೋಕನ್ ಇಂಗ್ಲಿಷ್ ಪುಸ್ತಕ ಬೇಡವೇ ಬೇಡ. ಆ ಥರ ಯಾರೂ ಮಾತಾಡೋದಿಲ್ಲ” ಎಂದಳು. ವಿದೇಶದ ವಿಶ್ವವಿದ್ಯಾಲಯಗಳಲ್ಲಿ ಪಾಠ, ಚರ್ಚೆ, ಲ್ಯಾಬಿನ ಮಾತು, ಮೌಖಿಕ ಪರೀಕ್ಷೆ, ಎಲ್ಲವನ್ನೂ ರೆಕಾರ್ಡು ಮಾಡಿ, ಆಡಿದ್ದನ್ನು ಆಡಿದ ಹಾಗೆಯೇ ಟೈಪು ಮಾಡಿ ಇಟ್ಟಿರುತ್ತಾರಂತೆ. ಲಕ್ಷಗಟ್ಟಲೆ ಪದ. “ಅದನ್ನ ಓದಿ, ಕೇಳಿ. ಪಂಡಿತರು ನಿಜವಾಗಿ ಹೇಗೆ ಮಾತಾಡ್ತಾರೆ ಅಂತ ಗೊತ್ತಾಗ್ತದೆ.”

“ಆಡಿದ್ದನ್ನು ಆಡಿದ ಹಾಗೆಯೇ?” ಭಟ್ಟರ ಮುಖ ಅರಳಿತು. “ಮೇಷ್ಟ್ರೇ, ಇದು ನಮ್ಮ ಪದ್ಧತಿ!”

ಆ ಮಾತು ಕೇಳಿದಾಗಲೇ ನನಗೆ ಎಚ್ಚರವಾಗಬೇಕಿತ್ತು.

ದೀಕ್ಷಿತಾ ಒಂದು ಕಟ್ಟು ಪ್ರಿಂಟು, ಒಂದಷ್ಟು ಆಡಿಯೋ ಕೊಟ್ಟಳು. ಮರುದಿನ ಸಂಜೆ ಭಟ್ಟರು ಕಟ್ಟು ಹಿಡಿದು ನನ್ನಲ್ಲಿಗೆ ಬಂದರು. ಮುಖ ಅರಳಿರಲಿಲ್ಲ.

“ಇವರು ಪ್ರೊಫೆಸರುಗಳಾ?”

ಓದಿದೆ. ಒಬ್ಬ ವಿದ್ವಾಂಸರು ಹೇಳುತ್ತಿದ್ದರು: ‘ಸೋ, ಅಮ್, ವಾಟ್ ಐಯಾಮ್ ಸಾರ್ಟ್ ಆಫ್, ಅಮ್, ಟ್ರೈಯಿಂಗ್ ಟು ಸೇ ಈಸ್…’ ಏನು ಹೇಳಲು ಹೊರಟಿದ್ದರೋ ಅದು ಆ ಪುಟದಲ್ಲಿ ಬರಲೇ ಇಲ್ಲ, ಮುಂದಿನ ಪುಟದಲ್ಲೂ ಇಲ್ಲ.

“ಒಂದು ವಾಕ್ಯ ಮುಗಿಸ್ಲಿಕ್ಕೆ ಬರೋದಿಲ್ವಲ್ಲ ಇವರಿಗೆ” ಎಂದರು ಭಟ್ಟರು. “ಸಾರ್ಟ್ ಆಫ್ ಅಂದರೆ ಎಂತ?”

“ಅಂದರೆ… ಒಂಥರಾ” ಎಂದೆ.

“ಒಂಥರಾ ಅಂದರೆ?”

“ಅದೇ, ಒಂಥರಾ.”

ಇನ್ನೊಂದು ಹಾಳೆಯಲ್ಲಿ ಬೇರೆಯೇ ವಿಚಿತ್ರ. ಕಂಪ್ಯೂಟರಿಗೆ ಒಂದು ಪದ ಕೊಟ್ಟರೆ ಅದು ಆ ಪದ ಬಂದ ಮಾತುಗಳನ್ನೆಲ್ಲ ಹೆಕ್ಕಿ ತಂದು, ಪದವನ್ನು ನಟ್ಟನಡುವೆ ನಿಲ್ಲಿಸಿ, ಎರಡೂ ಬದಿ ಕತ್ತರಿಸಿ, ಒಂದರ ಕೆಳಗೊಂದು ಜೋಡಿಸಿ ಕೊಡುತ್ತದೆ. ತಲೆ ಇಲ್ಲ, ಬಾಲ ಇಲ್ಲ, ಹೊಟ್ಟೆ ಮಾತ್ರ ಎಲ್ಲ ಸಾಲಿನಲ್ಲೂ ಒಂದೇ. ನನಗೆ ತಲೆ ಸುತ್ತಿತು. ಭಟ್ಟರಿಗೆ ಮಾತ್ರ ಅದು ಚೆನ್ನಾಗಿ ಅರ್ಥವಾದಂತೆ ಕಂಡಿತು. ಸಾಲುಗಳನ್ನು ಬೆರಳಿಟ್ಟು ಎಣಿಸಿ ಹೇಳಿದರು: “ಇದು ಅಷ್ಟೋತ್ತರ. ಆದರೆ ನೂರೇ ಇದೆ. ದೀಕ್ಷಿತಾ ಹತ್ತಿರ ಇನ್ನೊಂದು ಎಂಟು ಸಿಗಬಹುದಾ?”

ಕೊನೆಗೆ ಅವರ ಒಂದು ಸಂಶಯ ನನ್ನ ತೀರ್ಪಿಗೆ ಬಂತು. ಅಲ್ಲಲ್ಲಿ ಬ್ರ್ಯಾಕೆಟ್ಟಿನೊಳಗೆ ‘ನಗು’ ಎಂಬ ಅರ್ಥದ ಪದ ಟೈಪಾಗಿತ್ತು. “ಇಲ್ಲಿ ನಗಬೇಕಾ, ಅಥವಾ ನಗು ಅಂತ ಓದಬೇಕಾ?”

ಗೊತ್ತಿಲ್ಲ ಎಂದು ಹೇಳಿದರೆ ಇಪ್ಪತ್ತಮೂರು ವರ್ಷದ ಮೇಷ್ಟ್ರಗಿರಿ ಏನಾಗಬೇಕು? “ನಗಬೇಕು” ಎಂದೆ.

“ಎಷ್ಟು?”

“ಎರಡು ಮಾತ್ರೆ.”

ಭಟ್ಟರು ಬರೆದುಕೊಂಡರು.

ಅವರ ಕಲಿಕೆಯನ್ನು ನಾನು ಕಣ್ಣಾರೆ ಕಂಡದ್ದು ಎರಡು ವಾರದ ನಂತರ, ಒಂದು ಬೆಳಿಗ್ಗೆ. ಸ್ನಾನ ಮುಗಿಸಿ, ಪೂಜೆ ಮುಗಿಸಿ, ಗೋಣಿಕೊಪ್ಪಲಿನ ಬಸ್ಸಿಗೆ ಇನ್ನೂ ಒಂದು ಗಂಟೆ ಇರುವಾಗ ಭಟ್ಟರು ಹಲಗೆಮಣೆಯ ಮೇಲೆ ಕೂತಿದ್ದರು. ಪ್ರಿಂಟಿನ ಅಕ್ಷರಗಳಿಗೆ ಕೆಂಪು ಶಾಯಿಯಲ್ಲಿ ಕೆಳಗೆ ಅಡ್ಡಗೆರೆ, ಮೇಲೆ ನೆಟ್ಟಗೆರೆ, ಮಂತ್ರಕ್ಕೆ ಹಾಕುವ ಹಾಗೆಯೇ ಸ್ವರದ ಗುರುತು. ಆಡಿಯೋದಲ್ಲಿ ಆ ಪ್ರೊಫೆಸರು ಎಲ್ಲಿ ದನಿ ಏರಿಸಿದ್ದರೋ ಅಲ್ಲಿ ಏರು, ಎಲ್ಲಿ ಉಸಿರು ತೆಗೆದಿದ್ದರೋ ಅಲ್ಲಿ ಉಸಿರು. ಒಂದು ‘ಅಮ್’ ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ.

ಜಗಲಿಯಲ್ಲಿ ಪಕ್ಕದ ತೋಟದ ಕುಟ್ಟಪ್ಪನವರು ಟೋಪಿ ತೆಗೆದು ಕಂಕುಳಲ್ಲಿ ಇಟ್ಟು ಕೈಮುಗಿದು ನಿಂತಿದ್ದರು. ಹೊಸ ಮನೆಯ ಒಕ್ಕಲಿಗೆ, ಅಂದರೆ ಗೃಹಪ್ರವೇಶಕ್ಕೆ, ಒಳ್ಳೆಯ ದಿನ ಕೇಳಲು ಬಂದವರು.

“ಇದು ಯಾವ ದೇವರದು ಮೇಷ್ಟ್ರೇ?” ಮೆಲ್ಲಗೆ ಕೇಳಿದರು. “ಇಂಗ್ಲಿಷ್ ಥರ ಕೇಳ್ತದೆ.”

“ಇಂಗ್ಲಿಷೇ.”

“ಹೌದಾ? ಚೆನ್ನಾಗುಂಟು. ನಮ್ಮ ಒಕ್ಕಲಿಗೂ ಇದನ್ನೇ ಹೇಳಿಸಬೇಕು. ಮಕ್ಕಳಿಗೂ ಅರ್ಥ ಆಗ್ತದೆ.”

ಅಷ್ಟರಲ್ಲಿ ಒಳಗಿನಿಂದ ಭಟ್ಟರ ಹೆಂಡತಿ ಪದ್ಮಾಕ್ಷಿಯವರ ದನಿ ಬಂತು. ದೋಸೆಯ ಕಾವಲಿಯ ಸದ್ದಿನ ನಡುವೆಯೇ: “ಅಲ್ಲಿ ಇನ್ನೊಂದು ‘ಅಮ್’ ಉಂಟು! ನಿನ್ನೆ ಹೇಳಿದ್ರಿ, ಇವತ್ತು ನುಂಗಿದ್ರಿ!”

ಭಟ್ಟರು ಹಾಳೆ ನೋಡಿದರು. ಒಂದು ‘ಅಮ್’ ಇತ್ತು.

ಪದ್ಮಾಕ್ಷಿಯವರಿಗೆ ಇಂಗ್ಲಿಷ್ ಬರುವುದಿಲ್ಲ. ಇರುವುದು ಕಿವಿ. ಅವರ ತಂದೆಯೂ ವೇದಪಾಠದವರೇ. ಹುಡುಗರು ಜಗಲಿಯಲ್ಲಿ, ಮಗಳು ಒಳಗೆ ಹಪ್ಪಳದ ಮಣೆಯ ಮುಂದೆ. ಅವಳಿಗೆ ಯಾರೂ ಕಲಿಸಲಿಲ್ಲ, ಕಿವಿ ಮುಚ್ಚಿಕೋ ಎಂದೂ ಹೇಳಲಿಲ್ಲ. ಜಗಲಿಯಲ್ಲಿ ಹುಡುಗರು ಸಾಲು ಮರೆತು ಮಿಕಮಿಕ ನೋಡಿದಾಗ ಒಳಗಿನಿಂದ ಮುಂದಿನ ಸಾಲು ಬರುತ್ತಿತ್ತಂತೆ. “ಗೋಷ್ಠಿಯಲ್ಲಿ ಹಾಗೆಯೇ ಮೇಷ್ಟ್ರೇ” ಎಂದು ಭಟ್ಟರು ಆವತ್ತು ದೋಸೆ ತಿನ್ನುತ್ತ ವಿವರಿಸಿದ್ದರು. “ಒಬ್ಬನಿಗೆ ಸಾಲು ತಪ್ಪಿದರೆ ಗೊತ್ತಿದ್ದವನು ಎತ್ತಿಕೊಡಬೇಕು. ಗೊತ್ತಿದ್ದೂ ಸುಮ್ಮನೆ ಕೂತರೆ ಅವನಿಗೇ ದೋಷ.”

ನಾನು ಎರಡನೇ ದೋಸೆಯ ಕಡೆ ಗಮನ ಕೊಟ್ಟಿದ್ದೆ. ಈ ಮಾತಿಗೆ ಕೊಡಬೇಕಿತ್ತು.

ನಾಲ್ಕನೇ ವಾರ ಭಟ್ಟರು ಇನ್ನೊಂದು ಗೊಂದಲ ಹೊತ್ತು ತಂದರು. ಕಲ್ಲುಹೂವು ಎಣಿಸಲು ಅವರ ಹತ್ತಿರ ಒಂದು ತಂತಿಯ ಚೌಕಟ್ಟಿದೆ. ತೊಗಟೆಯ ಮೇಲೆ ಇಟ್ಟು ಒಳಗೆ ಬಂದದ್ದನ್ನೆಲ್ಲ ಎಣಿಸುತ್ತಾರೆ. ಅದೇ ಶ್ರದ್ಧೆಯಲ್ಲಿ ಒಂದು ವಿದೇಶಿ ಮೌಖಿಕ ಪರೀಕ್ಷೆಯ ಪ್ರಿಂಟನ್ನು ಎಣಿಸಿದ್ದರು.

“ಈ ಹುಡುಗಿ ಹನ್ನೊಂದು ಸಲ ‘ಐ ಡೋಂಟ್ ನೋ’ ಅಂದಿದ್ದಾಳೆ. ಹನ್ನೊಂದು! ಕೊನೆಗೆ ಎಲ್ಲರೂ ಕಂಗ್ರಾಚುಲೇಷನ್ಸ್ ಅಂತಾರೆ. ಗೊತ್ತಿಲ್ಲ ಅನ್ನೋದಕ್ಕೆ ಡಾಕ್ಟರೇಟ್ ಕೊಡ್ತಾರಾ?”

ದೀಕ್ಷಿತಾಳನ್ನು ಕೇಳಿದೆವು. “ಹಾಗಲ್ಲ ಸರ್. ತಿಳಿದವರು ಎಷ್ಟು ತಿಳಿದಿದೆಯೋ ಅಷ್ಟೇ ಹೇಳ್ತಾರೆ. ಇರಬಹುದು, ಅನ್ನಿಸ್ತದೆ, ಇನ್ನೂ ನೋಡಬೇಕು. ಅದೇ ಅಲ್ಲಿಯ ಭಾಷೆ” ಎಂದಳು.

ಅವರ ಕಾಲೇಜಿನ ಸಸ್ಯಶಾಸ್ತ್ರ ವಿಭಾಗದಲ್ಲಿ ಒಂದು ತಾಲೀಮು ಮಾಡಿದೆವು. ದೀಕ್ಷಿತಾ ಪರೀಕ್ಷಕಿ, ನಾನು ಪ್ರೇಕ್ಷಕ.

“ವಾಟ್ ಈಸ್ ಯುವರ್ ನೇಮ್?”

“ಐ ಥಿಂಕ್, ಅಮ್, ನಾಗೇಶ್ವರ, ಸಾರ್ಟ್ ಆಫ್” ಎಂದರು ಭಟ್ಟರು. “ಬಟ್ ಮೋರ್ ವರ್ಕ್ ಈಸ್ ನೀಡೆಡ್.”

ದೀಕ್ಷಿತಾ ಮೇಜಿನ ಮೇಲೆ ತಲೆ ಇಟ್ಟಳು. ಆದರೆ ನಾವಿಬ್ಬರೂ ಗಮನಿಸಿದ ಒಂದು ಸಂಗತಿ ಬೇರೆ ಇತ್ತು. ‘ಐ ಡೋಂಟ್ ನೋ’ ಇರುವ ಭಾಗ ಬಂದಾಗಲೆಲ್ಲ ಭಟ್ಟರು ಅದರ ಹಿಂದಿನ ಸಾಲಿಗೆ ನಿಂತುಬಿಡುತ್ತಿದ್ದರು. ಮನೆಯಲ್ಲಿ ಮಣೆಯ ಮೇಲೆ ಸಲೀಸಾಗಿ ಬರುವ ಸಾಲು, ನಾಲ್ಕು ಜನರ ಎದುರು ಗಂಟಲಿನಿಂದ ಮೇಲೆ ಏರುತ್ತಿರಲಿಲ್ಲ.

“ಏಳು ತಲೆಮಾರು ಜನ ನಮ್ಮ ಮನೆಗೆ ಬಂದು ಕೇಳಿದ್ದಾರೆ” ಎಂದರು ಭಟ್ಟರು. “ಮದುವೆ ಯಾವತ್ತು, ತಪ್ಪಿದ ದನ ಯಾವ ದಿಕ್ಕು. ಗೊತ್ತಿಲ್ಲ ಅಂತ ಒಬ್ಬರೂ ಹೇಳಿದ್ದಿಲ್ಲ ಮೇಷ್ಟ್ರೇ.”

ನನಗೆ ನನ್ನ ‘ಎರಡು ಮಾತ್ರೆ’ ನೆನಪಾಯಿತು.

ಪರೀಕ್ಷೆಯ ದಿನ ಜೀಪಿನಲ್ಲಿ ನಾವು ನಾಲ್ವರು. ಭಟ್ಟರು, ಪದ್ಮಾಕ್ಷಿ, ದೀಕ್ಷಿತಾ, ನಾನು. ಪರೀಕ್ಷೆ ಮುಗಿದ ಮೇಲೆ ಬಂದವರಿಗೆಲ್ಲ ಏನಾದರೂ ಕೊಡಬೇಕೆಂದು ಪದ್ಮಾಕ್ಷಿಯವರು ತೊಡೆಯ ಮೇಲೆ ಒಂದು ಡಬ್ಬಿ ತುಂಬ ಗೋಳಿಬಜೆ ಹಿಡಿದಿದ್ದರು. ಸಂಪಾಜೆಯಲ್ಲಿ ಭಟ್ಟರು ಜೀಪು ನಿಲ್ಲಿಸಿ, ರಸ್ತೆಬದಿಯ ತೋಟಕ್ಕೆ ಇಳಿದು, ಒಂದು ಹಾಲವಾಣದ ಮರವನ್ನು ಐದು ನಿಮಿಷ ನೋಡಿ ಬಂದರು.

“ಎಂತ ಅದು?” ಎಂದೆ.

“ಇಪ್ಪತ್ತೊಂಬತ್ತನೇ ಮರ. ನಲವತ್ತು ಹಾಲವಾಣಕ್ಕೆ ನಂಬರು ಹಾಕಿದ್ದೆ. ಮೂವತ್ತೊಂಬತ್ತರ ಮೇಲೆ ಕಲ್ಲುಹೂವು ತುಂಬಿದೆ. ಇದರ ಮೇಲೆ ಒಂದೂ ಇಲ್ಲ. ಅದೇ ನೆರಳು, ಅದೇ ಗಾಳಿ, ಅದೇ ತೊಗಟೆ. ನಾಲ್ಕು ವರ್ಷ ನೋಡಿದೆ.”

“ಪ್ರಬಂಧದಲ್ಲಿ ಬರೆದಿದ್ದೀರಲ್ಲ, ಮೂರು ಪುಟ ಕಾರಣ?”

ಭಟ್ಟರು ಗೋಳಿಬಜೆಯ ಡಬ್ಬಿ ನೋಡಿದರು. “ಪ್ರಬಂಧದಲ್ಲಿ ತೂತು ಬಿಡಬೇಡಿ ಅಂದರು ವಿಷ್ಣುಪ್ರಸಾದರು. ಬರೆದೆ.”

ಪರೀಕ್ಷಕಿ ಬಿಳಿಗೂದಲಿನ, ಮೃದು ಮಾತಿನ ಹೆಂಗಸು. ಕನ್ನಡದ ಒಂದಕ್ಷರ ಬರುವುದಿಲ್ಲ. ಕಲ್ಲುಹೂವಿನಲ್ಲಿ ಮಾತ್ರ ಅವರಿಗೆ ಗೊತ್ತಿಲ್ಲದ್ದು ಇಲ್ಲವಂತೆ. ಭಟ್ಟರು ಚಿತ್ರ ತೋರಿಸುತ್ತ ಮೊದಲರ್ಧ ಗಂಟೆ ದಾಟಿಸಿದರು. ನಡುವೆ ತಡೆದರೂ ಮೊದಲಿಗೆ ಹೋಗಲಿಲ್ಲ, ‘ಸೋ, ಅಮ್’ ಎಂದು ಮುಂದಕ್ಕೇ ಹೋದರು. ವಿಷ್ಣುಪ್ರಸಾದರು ಕಿಟಕಿಯ ಪಕ್ಕದಿಂದ ಎದ್ದು ಬಂದು ಮುಂದಿನ ಸಾಲಿನಲ್ಲಿ ಕೂತರು. ದೀಕ್ಷಿತಾ ನನ್ನ ಕೈ ಹಿಡಿದು ಹಿಂಡಿದಳು.

ಆಗ ಪರೀಕ್ಷಕಿ ಪ್ರಬಂಧದ ಒಂದು ಪುಟ ತೆರೆದು ಕೇಳಿದರು: ಇಪ್ಪತ್ತೊಂಬತ್ತನೇ ಮರದ ಮೇಲೆ ಏಕೆ ಇಲ್ಲ?

“ದಟ್ಸ್, ಅಮ್, ಎ ರಿಯಲಿ ಗುಡ್ ಕ್ವೆಶ್ಚನ್” ಎಂದರು ಭಟ್ಟರು. ಕಂಠಪಾಠದ ಆ ಭಾಗ ನನಗೂ ಅಷ್ಟು ಹೊತ್ತಿಗೆ ಬಾಯಿಗೆ ಬರುತ್ತಿತ್ತು. ಮುಂದಿನ ಸಾಲು ಯಾವುದೆಂದೂ ಗೊತ್ತಿತ್ತು.

ಭಟ್ಟರು ನಿಂತರು. ಬಾಯಿ ತೆರೆದಿತ್ತು, ಏನೂ ಬರಲಿಲ್ಲ. ಫ್ಯಾನು ತಿರುಗುತ್ತಿತ್ತು. ಪರೀಕ್ಷಕಿ ಕಾದರು. ಒಂದು ನಿಮಿಷ ಇರಬಹುದು, ಆ ಕೋಣೆಯಲ್ಲಿ ಅದು ಒಂದು ಸೆಮಿಸ್ಟರಿನಷ್ಟು ಉದ್ದವಿತ್ತು.

ಹಿಂದಿನ ಸಾಲಿನ ಕುರ್ಚಿಯಿಂದ, ಸ್ಪಷ್ಟವಾಗಿ, ಸ್ವರಸಹಿತವಾಗಿ ಬಂತು:

“ಐ ಡೋಂಟ್ ನೋ, ಅಮ್, ಟು ಬಿ ಆನೆಸ್ಟ್…”

ಪದ್ಮಾಕ್ಷಿಯವರು ಡಬ್ಬಿ ತೊಡೆಯ ಮೇಲಿಟ್ಟುಕೊಂಡು, ಕಣ್ಣು ಅರ್ಧ ಮುಚ್ಚಿ ಹೇಳುತ್ತಿದ್ದರು. ಸಾಲು ತಪ್ಪಿದೆ, ಗೊತ್ತಿದ್ದವರು ಎತ್ತಿಕೊಡಬೇಕು, ಅಷ್ಟೇ. ಸಾಲು ಸಿಕ್ಕಿದ್ದೇ ತಡ, ಭಟ್ಟರ ಬಾಯಿ ಏಳು ವರ್ಷದ ಜಗಲಿಯ ಅಭ್ಯಾಸದಂತೆ ತಾನೇ ಜೊತೆಗೂಡಿತು. ಗಂಡ ಮುಂದೆ, ಹೆಂಡತಿ ಹಿಂದೆ, ಎರಡೂ ದನಿ ಒಂದೇ ಏರಿಳಿತದಲ್ಲಿ: “ವಿ ಲುಕ್ಡ್ ಅಟ್ ಇಟ್, ಯು ನೋ, ಅಗೇನ್ ಅಂಡ್ ಅಗೇನ್, ಅಂಡ್ ಇಟ್ಸ್, ಅಮ್, ಇಟ್ಸ್ ಜಸ್ಟ್ ನಾಟ್ ದೇರ್…” ನನ್ನ ತುಟಿಯೂ ಅಲ್ಲಾಡುತ್ತಿತ್ತೆಂದು ದೀಕ್ಷಿತಾ ಆಮೇಲೆ ಹೇಳಿದಳು. ಆ ಭಾಗದ ಕೊನೆಯಲ್ಲಿ ಬ್ರ್ಯಾಕೆಟ್ಟಿನೊಳಗೆ ‘ನಗು’ ಇತ್ತು.

“ಹ್ಹ, ಹ್ಹ” ಎಂದರು ಇಬ್ಬರೂ. ಸರಿಯಾಗಿ ಎರಡು ಮಾತ್ರೆ.

ಪರೀಕ್ಷಕಿ ಕನ್ನಡಕ ತೆಗೆದು ಹಿಂದಿನ ಸಾಲನ್ನು ನೋಡಿದರು, ಮುಂದೆ ನೋಡಿದರು, ಮತ್ತೆ ಹಿಂದೆ ನೋಡಿದರು. “ವಾಟ್ ವಾಸ್ ದಟ್?”

“ಮೇಡಂ, ಇಟ್ ಈಸ್, ಅಮ್, ಸಾರ್ಟ್ ಆಫ್…” ಎಂದು ಎದ್ದ ವಿಷ್ಣುಪ್ರಸಾದರು ಮುಂದೆ ಹೇಳಲಾಗದೆ ಕೂತರು. ಅವರು ಯಾವ ಪ್ರಿಂಟನ್ನೂ ಓದಿರಲಿಲ್ಲ, ಆ ‘ಅಮ್’ ಅವರ ಸ್ವಂತದ್ದು.

ಪರೀಕ್ಷೆಯಲ್ಲಿ ಇನ್ನೊಬ್ಬರು ಹೇಳಿಕೊಡುವುದು ಎಲ್ಲ ಕಡೆಯೂ ನಕಲು ಎಂಬ ಒಂದೇ ಹೆಸರಿನ ಅಪರಾಧ. ಹದಿನೇಳು ವರ್ಷ, ಇನ್ನೂರ ಎಂಬತ್ತು ಪುಟ, ಜೂನ್ ತಿಂಗಳ ಪಟ್ಟಿ, ಎಲ್ಲವೂ ಗೋಳಿಬಜೆಯ ಡಬ್ಬಿಯ ಮುಂದೆ ಮುಗಿದುಹೋಯಿತೆಂದು ನಾನು ಕಣ್ಣು ಮುಚ್ಚಿದೆ. ಭಟ್ಟರ ದನಿ ಕೇಳಿಸಿತು. ‘ಅಮ್’ ಇರಲಿಲ್ಲ. ರಿಜಿಸ್ಟರ್ಡ್ ಪೋಸ್ಟೂ ಅಲ್ಲ. ಮುರುಕು ಮುರುಕು ಇಂಗ್ಲಿಷು. ಮೇಡಂ, ಅವಳು ನನ್ನ ಹೆಂಡತಿ. ಅವಳಿಗೆ ಇಂಗ್ಲಿಷ್ ಬರುವುದಿಲ್ಲ. ಒಬ್ಬ ಸಾಲು ಬಿಟ್ಟರೆ ಕೇಳಿದವರು ಎತ್ತಿಕೊಡುವುದು ನಮ್ಮ ಪದ್ಧತಿ. ತಪ್ಪು ಅವಳದಲ್ಲ, ಸಾಲು ಬಿಟ್ಟವನದು.

“ಅದಿರಲಿ” ಎಂದರು ಪರೀಕ್ಷಕಿ, ಇಂಗ್ಲಿಷಿನಲ್ಲಿ. “ಆ ಮರದ ವಿಷಯ ನಿಮಗೆ ಗೊತ್ತೋ ಇಲ್ಲವೋ?”

ಭಟ್ಟರು ಹಿಂದಿನ ಸಾಲಿನ ಕಡೆ ನೋಡಿದರು. ಪದ್ಮಾಕ್ಷಿಯವರು ಈ ಸಲ ಸುಮ್ಮನಿದ್ದರು, ಈ ಸಾಲು ಅವರಿಗೆ ಗೊತ್ತಿರಲಿಲ್ಲ.

“ಐ ಡೋಂಟ್ ನೋ, ಮೇಡಂ.”

“ಹಾಗಾದರೆ ಈ ಮೂರು ಪುಟ?”

“ಗೊತ್ತಿಲ್ಲದ್ದರಿಂದ ಬರೆದದ್ದು.”

ಇಡೀ ಕೋಣೆ ನಕ್ಕಿತು. ಎಷ್ಟು ಮಾತ್ರೆ ಎಂದು ಯಾರೂ ಎಣಿಸಲಿಲ್ಲ. ಪರೀಕ್ಷಕಿ ಮಾತ್ರ ನಗಲಿಲ್ಲ, ಕುರ್ಚಿ ಮುಂದಕ್ಕೆ ಎಳೆದುಕೊಂಡರು. ಆ ಮರಕ್ಕೆ ಗಾಯವಾಗಿತ್ತೇ? ಯಾರಾದರೂ ತೊಗಟೆ ತೊಳೆದಿದ್ದರೇ? ಭಟ್ಟರು ಬೋರ್ಡಿನ ಮೇಲೆ ಮರ ಬರೆದರು, ರಸ್ತೆ ಬರೆದರು, ಮಾತಿಗೆ ಸಿಗದದ್ದನ್ನು ಕೈಯಲ್ಲಿ ಹೇಳಿದರು. ಇಪ್ಪತ್ತು ನಿಮಿಷ ಇಬ್ಬರೂ ಆ ಮರದ ಸುತ್ತ ತಿರುಗಿದರು. ಕೊನೆಗೆ ಪರೀಕ್ಷಕಿಯೂ “ಐ ಡೋಂಟ್ ನೋ ಐದರ್” ಎಂದರು. ಅದು ಸೋಲೋ ಗೆಲುವೋ ನನಗೆ ತಿಳಿಯಲಿಲ್ಲ.

ನಮ್ಮನ್ನೆಲ್ಲ ಹೊರಗೆ ಕಳಿಸಿದರು. ಮೊಗಸಾಲೆಯಲ್ಲಿ ಪದ್ಮಾಕ್ಷಿಯವರು ಡಬ್ಬಿ ತೆರೆಯಲೋ ಬೇಡವೋ ಎಂದು ಮುಚ್ಚಳದ ಮೇಲೆ ಕೈ ಇಟ್ಟು ಕೂತಿದ್ದರು. ವಿಷ್ಣುಪ್ರಸಾದರು ಹೊರಬಂದು ಹೇಳಿದರು: ಪದವಿಗೆ ಶಿಫಾರಸು ಆಗಿದೆ, ಒಂದು ತಿದ್ದುಪಡಿಯೊಂದಿಗೆ. ಆ ಮೂರು ಪುಟ ಕಿತ್ತು ಹಾಕಿ, ಕಾರಣ ತಿಳಿದಿಲ್ಲ ಎಂದು ಒಂದೇ ವಾಕ್ಯ ಬರೆಯಬೇಕು.

ಡಬ್ಬಿ ತೆರೆಯಿತು. ಪರೀಕ್ಷಕಿ ಮೂರು ಗೋಳಿಬಜೆ ತಿಂದರು.

ಜೀಪು ಘಟ್ಟ ಹತ್ತುವಾಗ ಪದ್ಮಾಕ್ಷಿಯವರು ನನ್ನನ್ನು ಕೇಳಿದರು. “ಮೇಷ್ಟ್ರೇ, ನಾನು ಅಲ್ಲಿ ಹೇಳಿದ್ದಕ್ಕೆ ಅರ್ಥ ಎಂತ?”

ಹೇಳಿದೆ. ಗೊತ್ತಿಲ್ಲ, ನಿಜ ಹೇಳಬೇಕೆಂದರೆ, ಮತ್ತೆ ಮತ್ತೆ ನೋಡಿದೆವು, ಅಲ್ಲಿ ಇಲ್ಲವೇ ಇಲ್ಲ.

ಅವರು ಡಬ್ಬಿಯ ಮುಚ್ಚಳ ಒತ್ತಿ ಹಾಕಿದರು. “ಇಷ್ಟೇ ಹೇಳ್ಲಿಕ್ಕೆ ಆರು ವಾರ ಬೆಳಿಗ್ಗೆ ಬೆಳಿಗ್ಗೆ ನನ್ನ ದೋಸೆ ಕರಟಿಸಿದ್ರಾ?”

ದೀಕ್ಷಿತಾ ಎಲ್ಲವನ್ನೂ ಫೋನಿನಲ್ಲಿ ರೆಕಾರ್ಡು ಮಾಡಿಕೊಂಡಿದ್ದಳು. ಮನೆಗೆ ಹೋಗಿ ಆಡಿದ ಹಾಗೆಯೇ ಟೈಪು ಮಾಡುತ್ತಾಳಂತೆ. ನಗುವಿಗೆ ಗುರುತಿದೆ, ಮೌನಕ್ಕೆ ಗುರುತಿದೆ, ಹಿಂದಿನ ಸಾಲಿನಿಂದ ಹೆಂಡತಿ ಸ್ವರ ಹಿಡಿದು ಎತ್ತಿಕೊಟ್ಟದ್ದಕ್ಕೆ ಯಾವ ಗುರುತು ಹಾಕುವುದು ಎಂದು ನನ್ನನ್ನೇ ಕೇಳಿದಳು. ಬಾಯಿಗೆ ಬಂದದ್ದನ್ನು ಹೇಳಿಬಿಡೋಣ ಎನ್ನಿಸಿತು. ತಡೆದುಕೊಂಡು “ಗೊತ್ತಿಲ್ಲ” ಎಂದೆ.

ಜೂನ್ ತಿಂಗಳ ಪಟ್ಟಿಯಲ್ಲಿ ಭಟ್ಟರ ಹೆಸರಿದೆ. ಹಿಂದೆ ‘ಡಾ.’ ಇದೆ, ಮುಂದೆ ‘ಅತಿಥಿ’ಯೂ ಇದೆ. ಇವರ ಪದವಿ ಯಾವುದರಿಂದ ಬಂತು ಎಂದು ನಾನು ಹಲವು ಸಲ ಯೋಚಿಸಿದ್ದೇನೆ. ದೀಕ್ಷಿತಾಳ ಪ್ರಿಂಟಿನಿಂದಲೋ, ಪದ್ಮಾಕ್ಷಿಯವರ ಕಿವಿಯಿಂದಲೋ, ಆ ಬೋಳು ಮರದಿಂದಲೋ. ಮೊನ್ನೆ ಕುಟ್ಟಪ್ಪನವರ ಹೊಸ ಮನೆಯ ಒಕ್ಕಲು. ಎಷ್ಟು ಹೇಳಿದರೂ ಅವರು ಹಟ ಬಿಡಲಿಲ್ಲ, ಆ ಇಂಗ್ಲಿಷಿನದು ಆಗಲೇಬೇಕು. ಗಣಹೋಮ ಮುಗಿದ ಮೇಲೆ ಭಟ್ಟರು ನನ್ನ ಕಡೆ ಒಮ್ಮೆ ನೋಡಿ, ಗಂಟಲು ಸರಿಮಾಡಿಕೊಂಡು, ಇಡೀ ಊರಿನವರ ಎದುರು “ಐ ಡೋಂಟ್ ನೋ, ಅಮ್” ಎಂದು ತೆಗೆದರು. ಒಂದಿಷ್ಟೂ ತಡೆಯಲಿಲ್ಲ. ಕುಟ್ಟಪ್ಪನವರು ಟೋಪಿ ಕಂಕುಳಲ್ಲಿ ಇಟ್ಟು ಕೈಮುಗಿದರು.